ಹಂಪವ್ವನ ಕರುಳು ಮತ್ತು ನಿಮ್ಮ ಕಾಲದ ಬಲೂನು

ಗದಗ
ಫೆಬ್ರುವರಿ ಮೂವತ್ತು, ಎರಡು ಸಾವಿರದ ನೂರ ಎಂಬತ್ತೆರಡು

ನಮಗಿಂತ ಹಿಂದೆ ಬದುಕಿದವರಿಗೆ ಕಸ್ತೂರಿ ಸೂಡಿಯ ನಮಸ್ಕಾರಗಳು.

ತಾರೀಖು ನೋಡಿ ಕಾಗದವನ್ನು ಕೆಳಗಿಡಬೇಡಿ. ನಿಮ್ಮ ಫೆಬ್ರುವರಿಗೆ ಮೂವತ್ತನೇ ದಿನವಿರಲಿಲ್ಲ ಎಂದು ನನಗೆ ಗೊತ್ತು. ಬಿಸಿಲಿನ ತಿಂಗಳುಗಳಿಂದ ಕೆಲವು ದಿನಗಳನ್ನು ಕಿತ್ತು ತಂಪಿನ ತಿಂಗಳುಗಳಿಗೆ ಕೊಡಬೇಕೆಂದು ನಮ್ಮ ಅಜ್ಜಂದಿರ ಕಾಲದಲ್ಲಿ ಯಾರೋ ತೀರ್ಮಾನಿಸಿದರು. ಅದರಿಂದ ಬಿಸಿಲೇನೂ ಕಡಿಮೆಯಾಗಲಿಲ್ಲ. ನನ್ನ ಬರವಣಿಗೆಯಲ್ಲಿ ಕೆಲವು ಪದಗಳು ನಿಮಗೆ ಪರಕೀಯ ಎನಿಸಬಹುದು. ಅವು ನೀವು ಹೋದ ಮೇಲೆ ಹುಟ್ಟಿದವು. ಸಾಧ್ಯವಾದಲ್ಲೆಲ್ಲ ಅರ್ಥ ಹೇಳುತ್ತಾ ಹೋಗುತ್ತೇನೆ, ತಪ್ಪಿದ್ದರೆ ಕ್ಷಮಿಸಿ.

ಇಲ್ಲಿ ಬೇಸಿಗೆ ಶುರುವಾದರೆ ನಾವು ನೆರಳುಬೀದಿಗಳಲ್ಲಿ ಮಾತ್ರ ಓಡಾಡುತ್ತೇವೆ. ನೆರಳುಬೀದಿ ಎಂದರೆ ಮೇಲೆ ಚಾಪೆಯಂಥ ಹೊದಿಕೆ ಎಳೆದ ಬೀದಿ. ಮಾರ್ಕೆಟ್ಟಿನಿಂದ ಸ್ಟೇಷನ್ನಿನವರೆಗೆ ಒಮ್ಮೆಯೂ ಬಿಸಿಲಿಗೆ ಬೀಳದೆ ಹೋಗಬಹುದು. ಕಪ್ಪತಗುಡ್ಡದ ಮೇಲೆ ಗಾಳಿ ಬೀಸಿ ವಿದ್ಯುತ್ ಯಂತ್ರಗಳು ತಿರುಗಿದರೆ ಊರಿನ ಒಲೆಗಳು ಹತ್ತುತ್ತವೆ, ಬೆಟಗೇರಿಯ ಮಗ್ಗಗಳು ಓಡುತ್ತವೆ. ಗಾಳಿ ಬಿದ್ದರೆ ಎಲ್ಲರೂ ಜಗಲಿಗೆ ಬಂದು ಕೂರುತ್ತಾರೆ. ಆ ದಿನ ಗಾಳಿ ಎಷ್ಟು ಹೊತ್ತು ಇದ್ದೀತು ಎಂದು ಬೆಳಿಗ್ಗೆ ಓಣಿಯವರಿಗೆ ಓದಿ ಹೇಳುವುದನ್ನು ಗಾಳಿಮಾತು ಎನ್ನುತ್ತೇವೆ. ಆ ಕೆಲಸ ನನ್ನದು. ಅಂದಾಜು ತಪ್ಪಿ ಯಾರದಾದರೂ ಅನ್ನ ಅರೆಬೆಂದರೆ ಬೈಸಿಕೊಳ್ಳುವುದೂ ನನ್ನ ಕೆಲಸವೇ. ರೊಟ್ಟಿ ಮಾತ್ರ ಇನ್ನೂ ಜೋಳದ್ದು. ಅದನ್ನು ಬಡಿಯುವ ಸದ್ದು ಕೇಳಿದರೆ ನಿಮಗೆ ಇದು ಯಾವ ಊರೆಂದು ತಿಳಿಯುತ್ತದೆ.

ಕಾಯಿಲೆಯ ವಿಷಯದಲ್ಲಿ ನಾವು ನಿಮಗಿಂತ ಬಹಳ ಮುಂದೆ ಬಂದಿದ್ದೇವೆ ಎಂದು ನಂಬಿದ್ದೆವು. ನಲವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆ ನುಂಗುಗಣ್ಣು ತೆಗೆದುಕೊಳ್ಳುತ್ತಾರೆ. ಅದು ಕಡಲೆಕಾಳಿನಷ್ಟು ದಪ್ಪದ ಗುಳಿಗೆ. ಕರುಳಿನುದ್ದಕ್ಕೂ ನೋಡುತ್ತಾ ಹೋಗಿ ತಾನೇ ಹೊರಬೀಳುತ್ತದೆ. ಅದು ಏನಾದರೂ ಕಂಡರೆ ಆಮೇಲೆ ತೆವಳಿಯ ಸರದಿ. ನಿಮ್ಮ ಕಾಲದಲ್ಲಿ ವೈದ್ಯರು ಕ್ಯಾಮೆರಾ ಇರುವ ಉದ್ದನೆಯ ಕೊಳವೆಯನ್ನು ಗುದದ ಮೂಲಕ ಏರಿಸಿ ದೊಡ್ಡಕರುಳನ್ನು ಪರೀಕ್ಷಿಸುತ್ತಿದ್ದರಲ್ಲ, ಕೊಲೊನೊಸ್ಕೋಪಿ ಎಂದು, ಅದೇ ಕೆಲಸವನ್ನು ನಮ್ಮಲ್ಲಿ ತೆವಳಿ ಯಾರೂ ಹಿಡಿಯದೆ ತಾನೇ ತೆವಳಿಕೊಂಡು ಮಾಡುತ್ತದೆ. ಕರುಳಿಗೆ ಪೆಟ್ಟಾಗುವಷ್ಟು ಅಡ್ಡಿ ಬಂದರೆ ನಿಂತುಬಿಡಬೇಕು ಎಂದು ಅದಕ್ಕೆ ಕಲಿಸಿದ್ದಾರೆ. ಅದು ಒಳ್ಳೆಯದೇ. ಆದರೆ ನನ್ನ ಅಕ್ಕ ಹಂಪವ್ವನ ಹೊಟ್ಟೆಯಲ್ಲಿ ಅದು ಎರಡು ಸಲ ನಿಂತಿತು, ಎರಡು ಸಲವೂ ಒಂದೇ ತಿರುವಿನಲ್ಲಿ. ಆ ತಿರುವಿನಿಂದ ಮುಂದಕ್ಕೆ ದಾರಿ ಮಾಡಿದ್ದು ನಿಮ್ಮ ಕಾಲದ ಒಂದು ಉಪಾಯ. ಅದನ್ನು ನಿಮಗೆ ತಿಳಿಸದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ.

ಹಂಪವ್ವ ಕುಸ್ತಿಯವಳು. ಚಿಕ್ಕಂದಿನಲ್ಲಿ ಅವಳಿಗೆ ಅನ್ನ ಹಾಕುವುದೇ ಅವ್ವನಿಗೆ ಒಂದು ಕೆಲಸವಾಗಿತ್ತು. ಇಪ್ಪತ್ತಕ್ಕೆ ಬರುವಷ್ಟರಲ್ಲಿ ಈ ಭಾಗದಲ್ಲಿ ಅವಳನ್ನು ಚಿತ್ ಮಾಡುವ ಹೆಣ್ಣುಮಕ್ಕಳು ಉಳಿದಿರಲಿಲ್ಲ. ಆ ವರ್ಷವೇ ಒಂದು ಪಂದ್ಯದಲ್ಲಿ ಎದುರಾಳಿಯ ಮೊಣಕಾಲು ಹೊಟ್ಟೆಯ ಮೇಲೆ ಬಿದ್ದು ಕರುಳು ಹರಿಯಿತು. ಹೊಟ್ಟೆ ಕೊಯ್ದು ಹೊಲಿದರು. ಕೀವಾಗಿ ಮತ್ತೆ ಕೊಯ್ದರು. ಜೀವ ಉಳಿಯಿತು. ಕುಸ್ತಿ ಹೋಯಿತು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಯಾರೋ ಅವಳಿಗೆ ಈ ಮಾತನ್ನು ನೇರವಾಗಿಯೇ ಹೇಳಿದರಂತೆ. ಅವಳು ಅಳಲಿಲ್ಲ. ಮನೆಗೆ ಬಂದ ಮೇಲೆ ಗರಡಿಮನೆಗೆ ಹೋಗಿ ಚಿಕ್ಕ ಹುಡುಗಿಯರಿಗೆ ಪಟ್ಟು ಕಲಿಸತೊಡಗಿದಳು. ಈಗ ಅವಳಿಗೆ ಅರವತ್ತು ಹತ್ತಿರ, ಊರಿಗೆಲ್ಲ ವಸ್ತಾದಕ್ಕ. ಮದುವೆಯಾಗಲಿಲ್ಲ. ನನ್ನ ಮನೆಯ ಎದುರಿನ ಮನೆಯಲ್ಲಿ ಇರುತ್ತಾಳೆ, ಊಟಕ್ಕೆ ನನ್ನಲ್ಲಿಗೆ ಬರುತ್ತಾಳೆ, ಬಂದಾಗಲೆಲ್ಲ ಸಾರಿಗೆ ಖಾರ ಸಾಲದು ಎನ್ನುತ್ತಾಳೆ.

ಆ ಹಳೆಯ ಕೊಯ್ತದ ನಂತರ ಅವಳ ಹೊಟ್ಟೆಯೊಳಗೆ ಕರುಳು ಅಲ್ಲಲ್ಲಿ ಒಂದಕ್ಕೊಂದು ಅಂಟಿಕೊಂಡಿತ್ತು. ಗಾಯ ಮಾಗುವಾಗ ಹಾಗಾಗುತ್ತದಂತೆ. ಅಂಥವರಲ್ಲಿ ನುಂಗುಗಣ್ಣು ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳಬಹುದು ಎಂದು ಅವಳಿಗೆ ಅದನ್ನು ಕೊಡುತ್ತಿರಲಿಲ್ಲ. ಹೀಗಾಗಿ ಅವಳ ಕರುಳನ್ನು ಯಾರೂ ನೋಡಿರಲಿಲ್ಲ. ಹೋದ ವರ್ಷಕ್ಕೂ ಹಿಂದಿನ ಚಳಿಗಾಲದಲ್ಲಿ ಅವಳು ಗರಡಿಯಲ್ಲಿ ಮಣ್ಣು ಹದ ಮಾಡುತ್ತಾ ಮಾಡುತ್ತಾ ಕೂತುಬಿಟ್ಟಳು. ಉಸಿರು ಹತ್ತಿತ್ತು. ಮುಖ ಬಿಳಿಚಿತ್ತು. ರಕ್ತ ಪರೀಕ್ಷೆ ಮಾಡಿದರೆ ಮೈಯಲ್ಲಿ ಇರಬೇಕಾದುದರ ಅರ್ಧದಷ್ಟು ರಕ್ತವೂ ಇಲ್ಲ. ಎಲ್ಲಿಂದಲೋ ಸದ್ದಿಲ್ಲದೆ ಸೋರುತ್ತಿತ್ತು.

ಗದಗಿನ ವೈದ್ಯ ವೀರೇಶ ಅಂಗಡಿಯವರು ತೆವಳಿಯನ್ನು ಬಿಟ್ಟರು. ಎಡಗಡೆಯ ಕರುಳು ದಾಟಿ, ಮೇಲೆ ಅಡ್ಡಕ್ಕೆ ಹೊರಳುವ ಕಡೆ ಅದು ನಿಂತಿತು. ಇನ್ನೊಂದು ವಾರಕ್ಕೆ ಸಣ್ಣ ತೆವಳಿಯನ್ನು ತರಿಸಿ ಬಿಟ್ಟರು. ಅದೂ ಅಲ್ಲೇ ನಿಂತಿತು. ಹಂಪವ್ವ ನೋವಿಗೆ ಮಂಚದ ಕಂಬಿ ಹಿಡಿದುಕೊಂಡಿದ್ದಳು. ಹೊರಗೆ ಬಂದ ವೈದ್ಯರು, "ಕಂಡಷ್ಟು ಸ್ವಚ್ಛ ಐತ್ರಿ" ಎಂದರು.

"ಸ್ವಚ್ಛ ಐತಂತ, ನಡಿ ಮನಿಗೆ," ಎಂದು ಹಂಪವ್ವ ಚಪ್ಪಲಿ ಮೆಟ್ಟಿದಳು.

ನಾನು ಕೂತಲ್ಲೇ ಕೂತೆ. ನಮ್ಮ ಅವ್ವನಿಗೂ ಬೇರೆ ಊರಿನ ವೈದ್ಯರೊಬ್ಬರು ಇದೇ ಮಾತು ಹೇಳಿದ್ದರು. ಅವ್ವನ ಕರುಳು ತುಂಬ ಉದ್ದವಿತ್ತು, ಸುರುಳಿ ಸುತ್ತಿಕೊಳ್ಳುತ್ತಿತ್ತು. ತೆವಳಿ ಅರ್ಧಕ್ಕೆ ಬಂದು ವಾಪಸಾಯಿತು. ಕಂಡಷ್ಟು ಸ್ವಚ್ಛ ಎಂದರು. ನಾವು ಮೊದಲಿನ ಶಬ್ದವನ್ನು ಬಿಟ್ಟು ಎರಡನೆಯದನ್ನು ಮನೆಗೆ ತಂದೆವು. ಅಪ್ಪ ಓಣಿಗೆಲ್ಲ ಪೇಡೆ ಹಂಚಿದ. ಎರಡು ವರ್ಷದ ಮೇಲೆ ಗಡ್ಡೆ ಸಿಕ್ಕಾಗ ಅದು ಕಾಣದೆ ಉಳಿದ ಅರ್ಧದಲ್ಲೇ ಇತ್ತು, ಯಕೃತ್ತಿಗೂ ಹಬ್ಬಿತ್ತು. ಅವ್ವ ಕೊನೆಯ ದಿನಗಳಲ್ಲಿ ಯಾರನ್ನೂ ದೂರಲಿಲ್ಲ. ಹಂಪವ್ವನ ತೋಳು ಹಿಡಿದು ಮಲಗಿರುತ್ತಿದ್ದಳು, ಅಷ್ಟೇ.

ನಾನು ಅಂಗಡಿಯವರನ್ನು ಕೇಳಿದೆ: "ಕಾಣಲಾರದ್ದು ಏನಾತ್ರಿ?"

ಒಳ್ಳೆಯ ಮನುಷ್ಯ, ಧೈರ್ಯ ಹೇಳಬೇಕೆಂದೇ ಆ ಮಾತು ಹೇಳಿದ್ದರು. "ಅದನ್ನ ನಾ ನೋಡಿಲ್ರಿ. ನೋಡಬೇಕು," ಎಂದರು.

ಹೊರಗಿನಿಂದ ನೆರಳಚಿತ್ರ, ಅಂದರೆ ನಿಮ್ಮ ಸ್ಕ್ಯಾನಿನಂಥದು, ತೆಗೆಸಿದರು. ಅದರಲ್ಲಿ ಬಲಗಡೆ, ದೊಡ್ಡಕರುಳು ಶುರುವಾಗುವ ಕಡೆ, ಒಂದು ದಪ್ಪನೆಯ ಮಸುಕು ಕಂಡಿತು. ಗಡ್ಡೆಯೂ ಇರಬಹುದು, ಅಂಟಿಕೊಂಡ ಮಲವೂ ಇರಬಹುದು. ಚಿತ್ರ ತೋರಿಸಬಲ್ಲದು, ಚೂರು ತೆಗೆದು ಪರೀಕ್ಷೆ ಮಾಡಲಾರದು. ಉಳಿದ ದಾರಿ ಹೊಟ್ಟೆ ಕೊಯ್ಯುವುದು. ಎರಡು ಸಲ ಕೊಯ್ದ, ಒಳಗೆಲ್ಲ ಅಂಟಿಕೊಂಡ ಹೊಟ್ಟೆಯನ್ನು ಮೂರನೆಯ ಸಲ ಕೊಯ್ಯುವುದು ಸಣ್ಣ ಮಾತಲ್ಲ ಎಂದು ಅವರೇ ಹೇಳಿದರು.

ಹಂಪವ್ವ ಆಗುವುದಿಲ್ಲ ಎಂದಳು. ಮಧ್ಯಾಹ್ನ ಊಟಕ್ಕೆ ಬಂದವಳು ತಟ್ಟೆಯಲ್ಲಿ ಕೈಯಾಡಿಸುತ್ತಾ ಕೂತಿದ್ದಳು. ಅವಳ ತಟ್ಟೆಯಲ್ಲಿ ರೊಟ್ಟಿ ಉಳಿದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಒಮ್ಮೆ ಕೊಯ್ದಾಗ ಕುಸ್ತಿ ಹೋತು," ಎಂದಳು. "ಈಗ ಇನ್ನೇನ ತಗೀತಾರ? ನಾ ನಡಿಯೂವಷ್ಟ ದಿನಾ ನಡೀತೀನಿ ಬಿಡು."

"ಅವ್ವನೂ ಹಿಂಗs ಅಂದಿದ್ಲು."

"ಅವ್ವಗ ಗೊತ್ತಿರಲಿಲ್ಲ. ನನಗ ಗೊತ್ತೈತಿ. ಗೊತ್ತಿದ್ದೂ ಬ್ಯಾಡ ಅಂತೀನಿ."

"ನನಗ ಯಾರ ಅದಾರ ಹೇಳು," ಎಂದೆ. ಅಷ್ಟು ಹೇಳಿ ಒಳಗೆ ಹೋದೆ. ನನ್ನ ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ನನ್ನ ಎದುರು ಕೂತು ಉಣ್ಣುವವಳು ಅವಳೊಬ್ಬಳೇ. ಅವಳಿಗೂ ಅದು ಗೊತ್ತಿತ್ತು. ನಾನು ತಿರುಗಿ ಬಂದಾಗ ತಟ್ಟೆ ತೊಳೆದಿಟ್ಟು ಹೋಗಿದ್ದಳು. ಸಂಜೆ ಬಾಗಿಲಲ್ಲಿ ನಿಂತು, "ಕೊಯ್ಯಲಾರದ ಬ್ಯಾರೆ ಏನರ ಐತೇನು ಕೇಳು ಆ ಅಂಗಡ್ಯಾರನ್ನ," ಎಂದಳು.

ಕೇಳಿದೆ. ಅವರು ಹುಬ್ಬಳ್ಳಿಯ ರುಕಯ್ಯಾ ನದಾಫ ಎಂಬ ವೈದ್ಯೆಯ ಹೆಸರು ಹೇಳಿದರು. ತೆವಳಿ ಬಂದ ಮೇಲೆ ಕೈಯಿಂದ ಕೊಳವೆ ನಡೆಸುವವರು ಕಡಿಮೆಯಾಗಿದ್ದಾರೆ. ನದಾಫ ಅವರು ತಮ್ಮ ಗುರುಗಳಿಂದ ಆ ವಿದ್ಯೆ ಕಲಿತು ಬಿಡದೆ ಮಾಡಿಕೊಂಡು ಬಂದವರು. ತೆವಳಿ ನಿಂತವರಲ್ಲಿ ಕೆಲವರನ್ನು ಸುತ್ತಲಿನ ಊರುಗಳಿಂದ ಅವರ ಬಳಿಗೆ ಕಳಿಸುತ್ತಾರೆ. ನಾನು ಆ ವಿಷಯ ಕೇಳಿದ್ದು ಅದೇ ಮೊದಲು.

ನದಾಫ ಅವರು ಕುಳ್ಳಗಿನ, ಮೆಲುದನಿಯ ಹೆಂಗಸು. ಹಂಪವ್ವನ ಹೊಟ್ಟೆಯ ಮೇಲಿನ ಹಳೆಯ ಗಾಯದ ಗುರುತನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ಆ ಸಲಕರಣೆಯನ್ನೇ ತಂದು ಮೇಜಿನ ಮೇಲಿಟ್ಟರು. ಒಂದು ತೆಳ್ಳನೆಯ ಕ್ಯಾಮೆರಾ ಕೊಳವೆ. ಅದರ ಮೇಲೆ ತೋಳಿನ ಹಾಗೆ ಸರಿದಾಡುವ ಇನ್ನೊಂದು ಮೆತ್ತನೆಯ ಕೊಳವೆ. ಆ ಹೊರಗಿನ ಕೊಳವೆಯ ತುದಿಗೆ ಒಂದು ಪುಟ್ಟ ಬಲೂನು. ಇದು ನಿಮ್ಮ ಕಾಲದ್ದು. ನಿಮ್ಮಲ್ಲಿ ಕೆಲವರು ಇದನ್ನು ನೋಡಿರಬಹುದು. ಹೆಚ್ಚಿನವರು ಹೆಸರು ಸಹ ಕೇಳಿರಲಿಕ್ಕಿಲ್ಲ.

"ಲಾಡಿ ಏರಿಸೀರೇನ್ರಿ ಯಾವಾಗರ, ಲಂಗಕ್ಕ, ಪಾಯಜಾಮಕ್ಕ?" ಎಂದು ನದಾಫ ಕೇಳಿದರು.

"ಏರಿಸದ ಏನ್ರಿ. ದಿನಾ ಗರಡ್ಯಾಗ ಅದs ಕೆಲಸ," ಎಂದಳು ಹಂಪವ್ವ.

"ಪಿನ್ನ ಒಳಗ ಹಾಕಿ ಸುಮ್ಮನ ನೂಕಿದ್ರ ಏನಾಕ್ಕೈತಿ? ಬಟ್ಟೀನೂ ಅದರ ಕೂಡ ಮುಂದ ಹೋಕ್ಕೈತಿ. ಪಿನ್ನ ಇದ್ದಲ್ಲೇ ಇರತೈತಿ. ನಿಮ್ಮ ಹೊಟ್ಟ್ಯಾಗ ಆಗಿದ್ದು ಅದs. ಲಾಡಿ ಏರಿಸೋರು ಏನ ಮಾಡ್ತಾರ? ಒಂದ ಕೈಲೆ ಬಟ್ಟಿ ಬಿಗಿ ಹಿಡೀತಾರ, ಹಿಂದಕ್ಕ ಎಳೆದು ನೆರಿಗಿ ಕೂಡಸ್ತಾರ, ಆಮ್ಯಾಲೆ ಪಿನ್ನ ಮುಂದ ಬಿಡ್ತಾರ. ಕರುಳಿನ್ಯಾಗ ಬಟ್ಟಿ ಹಿಡಿಯೋ ಕೈ ಅಂದ್ರ ಈ ಬಲೂನ. ಗಾಳಿ ತುಂಬಿದ್ರ ಒಳಗಿನಿಂದ ಮೆತ್ತಗ ಒತ್ತಿ ಹಿಡೀತೈತಿ. ನಾ ಎಲ್ಲಾನೂ ಕೂಡೇ ಹಿಂದಕ್ಕ ಎಳೀತೀನಿ, ಸುರುಳಿ ನೆಟ್ಟಗ ಆಕ್ಕೈತಿ, ಕರುಳು ಕೊಳವಿ ಮ್ಯಾಲೆ ನೆರಿಗಿ ಬೀಳತೈತಿ. ಆಮ್ಯಾಲೆ ಕ್ಯಾಮೆರಾ ಮುಂದ."

ಹಂಪವ್ವ ಆ ಬಲೂನನ್ನು ಎರಡು ಬೆರಳಿನಲ್ಲಿ ಹಿಡಿದು ಒತ್ತಿ ನೋಡಿದಳು. "ಕರುಳು ಹರೀತೈತೇನ್ರಿ ಇದರಿಂದ?"

"ಹರಿಯೂದs ಇಲ್ಲ ಅಂತ ಹೇಳಂಗಿಲ್ರಿ. ಭಾಳ ಕಮ್ಮಿ ಮಂದಿಗೆ ಹಂಗ ಆಗತೈತಿ. ನಿಮ್ಮಂಗ ಅಂಟಿಕೊಂಡಿದ್ರ ಇನ್ನಷ್ಟ ಹುಷಾರಿಲೆ ಹೋಗಬೇಕು. ಹರದ್ರ ಆಪರೇಷನ್ನ ಬೇಕಾಕ್ಕೈತಿ. ರಕ್ತ ಬರಬಹುದು. ಬಲೂನಿದ್ರೂ ದಾಟಲಾರದ ಇರಬಹುದು. ಇಷ್ಟೂ ತಿಳಕೊಂಡು ಹೂಂ ಅನ್ರಿ."

"ನೀವs ಹಿಡೀತೀರೋ, ಮಷೀನ ಹಿಡೀತೈತೋ?"

"ನಾನs ಹಿಡೀತೀನ್ರಿ."

"ಹಂಗಾರ ಆತು," ಎಂದಳು.

ಹಿಂದಿನ ದಿನ ಕರುಳು ಖಾಲಿ ಮಾಡುವ ಔಷಧ ಕುಡಿಯಬೇಕು. ನೂರೈವತ್ತು ವರ್ಷಗಳಲ್ಲಿ ಮನುಷ್ಯರು ಏನೇನೋ ಕಂಡುಹಿಡಿದರು, ಆ ನೀರಿಗೆ ಒಂದು ರುಚಿ ಕೊಡಲು ಮಾತ್ರ ಯಾರಿಂದಲೂ ಆಗಿಲ್ಲ. ಹುಬ್ಬಳ್ಳಿಯಲ್ಲಿ ನಮ್ಮ ಸೋದರತ್ತೆಯ ಮನೆಯಲ್ಲಿ ಇಳಿದಿದ್ದೆವು. ಹಂಪವ್ವ ಒಂದೊಂದು ಲೋಟಕ್ಕೂ ಕಣ್ಣು ಮುಚ್ಚಿ, ಎದುರಾಳಿಯನ್ನು ಬೈಯುವ ಹಾಗೆ ಬೈದು ಕುಡಿದಳು. ಅರ್ಧಕ್ಕೆ ಸಾಕು ಎಂದು ಲೋಟ ಕೆಳಗಿಟ್ಟಳು. ಒಳಗೆ ಸ್ವಲ್ಪ ಉಳಿದರೂ ಅದರ ಹಿಂದೆ ಏನಿದೆ ಎಂದು ಕಾಣುವುದಿಲ್ಲ ಎಂದು ನದಾಫ ಹೇಳಿದ್ದನ್ನು ನೆನಪಿಸಿದೆ. ಮತ್ತೆ ಎತ್ತಿಕೊಂಡಳು. "ಇದಕ್ಕಿಂತ ಆ ಮೊಣಕಾಲು ಪಾಡಿತ್ತು," ಎಂದಳು. ಅತ್ತೆ ನಕ್ಕರು, ನಾನೂ ನಕ್ಕೆ. ಎಷ್ಟೋ ತಿಂಗಳುಗಳ ನಂತರ ನಾವಿಬ್ಬರೂ ಕೂಡಿ ನಕ್ಕದ್ದು ಅಂದೇ.

ಪರೀಕ್ಷೆಯ ಕೋಣೆಯಲ್ಲಿ ಒಂದು ಗಾಜಿನ ಆಚೆ ನಿಂತು ನೋಡಲು ನನ್ನನ್ನು ಬಿಟ್ಟರು. ಹಂಪವ್ವನಿಗೆ ಮಂಪರು ಬರುವ ಔಷಧ ಕೊಟ್ಟು ಎಡಮಗ್ಗುಲಿಗೆ ಮಲಗಿಸಿದ್ದರು. ಪರದೆಯ ಮೇಲೆ ಗುಲಾಬಿ ಬಣ್ಣದ ಸುರಂಗ, ಒದ್ದೆ ಹೊಳಪು, ಉಂಗುರ ಉಂಗುರವಾದ ಗೋಡೆ. ಕೊಳವೆ ಸಲೀಸಾಗಿ ಹೋಯಿತು. ಆಮೇಲೆ ಆ ತಿರುವು ಬಂದಿತು. ಸುರಂಗ ಅಲ್ಲಿ ಮುಚ್ಚಿಕೊಂಡ ಹಾಗೆ ಕಾಣುತ್ತಿತ್ತು. ಪರದೆಯೆಲ್ಲ ಬರೀ ಕೆಂಪು. ನದಾಫ ನೂಕಲಿಲ್ಲ. ನಿಂತರು. ಹೊರಗಿನ ಕೊಳವೆಯನ್ನು ಅಲ್ಲಿಯವರೆಗೆ ಸರಿಸಿ ಬಲೂನಿಗೆ ಗಾಳಿ ತುಂಬಿಸಿದರು, ನಿಧಾನಕ್ಕೆ ಹಿಂದಕ್ಕೆ ಎಳೆದರು. ಒಬ್ಬ ನರ್ಸ್ ಹಂಪವ್ವನ ಹೊಟ್ಟೆಯನ್ನು ಅಂಗೈಯಿಂದ ಒತ್ತಿ ಹಿಡಿದಳು. ಏನೂ ಆಗಲಿಲ್ಲ. ಬಲೂನು ಇಳಿಸಿದರು, ಮತ್ತೆ ಹಿಡಿದರು, ಮತ್ತೆ ಎಳೆದರು. ಹಂಪವ್ವನನ್ನು ಅಂಗಾತ ಹೊರಳಿಸಿದರು. ಮತ್ತೆ. ನದಾಫ ಅವರ ಹಣೆಯಲ್ಲಿ ಬೆವರು ಮೂಡಿದ್ದು ಗಾಜಿನ ಈಚೆಗೂ ಕಾಣುತ್ತಿತ್ತು. ಒಮ್ಮೆ ಅವರು ಕೈ ಪೂರ್ತಿ ಸಡಿಲಿಸಿ ಸುಮ್ಮನೆ ನಿಂತರು. ಆಗಲಿಲ್ಲ, ಇಷ್ಟೇ ಎಂದು ನಾನು ತಿಳಿದೆ.

ಅವರು ಕೈಬಿಟ್ಟಿರಲಿಲ್ಲ, ದಣಿವಾರಿಸಿಕೊಳ್ಳುತ್ತಿದ್ದರು. ಮುಂದಿನ ಸಲ ಎಳೆದಾಗ ಪರದೆಯ ಮೂಲೆಯಲ್ಲಿ ಒಂದು ಕಪ್ಪು ಅಂಚು ಕಂಡಿತು. ಅಂಚು ಅಗಲವಾಯಿತು, ಬಾಗಿಲಾಯಿತು. ಹಂಪವ್ವನ ಕರುಳು ನೆರಿಗೆ ನೆರಿಗೆಯಾಗಿ ಹಿಂದೆ ಸರಿದು ದಾರಿ ನೆಟ್ಟಗಾಯಿತು. ಕ್ಯಾಮೆರಾ ಅದರೊಳಗೆ ಹೋಯಿತು. ತೆವಳಿ ಎರಡು ಸಲ ನಿಂತ ಜಾಗ ಹಿಂದೆ ಉಳಿಯಿತು. ನಾನು ಗಾಜಿಗೆ ಹಣೆ ಒತ್ತಿಕೊಂಡಿದ್ದೆ.

ಕೊನೆಯಲ್ಲಿ, ದೊಡ್ಡಕರುಳು ಶುರುವಾಗುವ ಚೀಲದಂಥ ಜಾಗದಲ್ಲಿ, ಅದು ಇತ್ತು. ಅಣಬೆಯ ಹಾಗೆ ಎದ್ದು ನಿಂತದ್ದಲ್ಲ. ಗೋಡೆಗೆ ಹರಡಿಕೊಂಡ ಹೂಕೋಸಿನ ಹಾಗೆ ಚಪ್ಪಟೆ, ಒಂದು ಬದಿಯಿಂದ ರಕ್ತ ಜಿನುಗುತ್ತಿತ್ತು. ನದಾಫ ಅವರು ಅದರ ಅಡಿಗೆ ಸೂಜಿಯಿಂದ ನೀರಿನಂಥ ದ್ರವ ಬಿಟ್ಟರು. ಅದು ಗೋಡೆಯಿಂದ ಮೇಲೆದ್ದರೆ ಬೇರು ಆಳಕ್ಕೆ ಇಳಿದಿಲ್ಲ ಎನ್ನಬಹುದು, ಏಳದಿದ್ದರೆ ಅದನ್ನು ಮುಟ್ಟಬಾರದು ಎಂದು ಮೊದಲೇ ಹೇಳಿದ್ದರು. ಅದು ಒಂದು ಕ್ಷಣ ಹಾಗೇ ಇತ್ತು. ಆಮೇಲೆ ಬೊಬ್ಬೆಯ ಹಾಗೆ ಮೇಲೆದ್ದಿತು. ನರ್ಸ್ ಗಾಜಿನ ಕಡೆ ತಿರುಗಿ ನನಗೆ ತಲೆಯಾಡಿಸಿದಳು. ತಂತಿಯ ಕುಣಿಕೆ ಹಾಕಿ ತುಂಡು ತುಂಡಾಗಿ ಕತ್ತರಿಸಿ ತೆಗೆದರು. ರಕ್ತ ಬಂದ ಕಡೆ ಪುಟ್ಟ ಚಿಮಟಿಗಳನ್ನು ಕಚ್ಚಿಸಿದರು. ಹೊಟ್ಟೆಯ ಮೇಲೆ ಹೊಸ ಗಾಯ ಒಂದೂ ಬೀಳಲಿಲ್ಲ.

ಸಂಜೆ ಅವಳಿಗೆ ಹೊಟ್ಟೆ ನೋವು ಬಂದಿತು. ಕರುಳು ಹರಿಯಿತೇನೋ ಎಂದು ನಾನು ನರ್ಸನ್ನು ಕರೆಯಲು ಓಡಿದೆ. ನದಾಫ ಬಂದು ಚಿತ್ರ ತೆಗೆಸಿದರು, ಹೊಟ್ಟೆ ಮುಟ್ಟಿ ನೋಡಿದರು, ಒಳಗೆ ಉಳಿದ ಗಾಳಿ ಎಂದರು. ಹಂಪವ್ವ ಅದನ್ನು ಹೊರಗೆ ಬಿಟ್ಟ ರೀತಿಗೆ ವಾರ್ಡಿನವರೆಲ್ಲ ಮುಖ ತಿರುಗಿಸಿ ನಕ್ಕರು.

ತೆಗೆದ ತುಂಡುಗಳ ಪರೀಕ್ಷೆಯ ವರದಿ ಬರುವವರೆಗೆ ನಾನು ಗಾಳಿಮಾತನ್ನು ಎಷ್ಟು ಸಲ ತಪ್ಪು ಓದಿದೆನೋ. ಓಣಿಯವರು ಬೈಯಲಿಲ್ಲ. ಕೊನೆಗೆ ಹುಬ್ಬಳ್ಳಿಯಿಂದ ನದಾಫ ಅವರೇ ಕರೆ ಮಾಡಿ ಮಾತಾಡಿದರು. ಕೆಟ್ಟ ಬದಲಾವಣೆ ಮೇಲ್ಪದರದಲ್ಲಿ ಶುರುವಾಗಿತ್ತು. ಕೆಳಕ್ಕೆ ಇಳಿದಿರಲಿಲ್ಲ. ಇನ್ನೊಂದೆರಡು ವರ್ಷ ಬಿಟ್ಟಿದ್ದರೆ ಇಳಿಯುತ್ತಿತ್ತು. "ಹಂಗಂತ ಮರತ ಕುಂದರಬ್ಯಾಡ್ರಿ, ಆರು ತಿಂಗಳಿಗೆ ಮತ್ತ ಬರಬೇಕು, ಆ ಜಾಗಾ ನೋಡಬೇಕು," ಎಂದರು. ಹಂಪವ್ವ ಸುದ್ದಿ ಕೇಳಿ ಗರಡಿಗೆ ಹೋದಳು. ನಾನು ಹಿಂದೆಯೇ ಹೋದೆ. ಅವಳು ಮಣ್ಣಿನ ಅಂಚಿನಲ್ಲಿ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಇಪ್ಪತ್ತರಲ್ಲಿ ಅಳದೆ ಬಿಟ್ಟದ್ದನ್ನು ಅಂದು ಅತ್ತಳೆಂದು ನನಗನ್ನಿಸಿತು. ನಾನು ಪಕ್ಕದಲ್ಲಿ ಕೂತೆ. "ಅವ್ವಗೂ ಇದನ್ನ ಮಾಡಸಬಹುದಿತ್ತಲ್ಲ," ಎಂದಳು. ಹೌದು ಎಂದೆ.

ನಮ್ಮ ಮುತ್ತಜ್ಜಿಯರ ಮುತ್ತಜ್ಜಿಯರೇ, ಅದಕ್ಕೂ ಹಿಂದಿನವರೇ, ನಿಮಗೆ ಮೊದಲು ನಮ್ಮ ಕೃತಜ್ಞತೆ. ನಿಮ್ಮಲ್ಲಿ ಯಾರೋ ಒಂದು ಬಲೂನನ್ನು ಕೊಳವೆಯ ತುದಿಗೆ ಕಟ್ಟಿದರು, ಯಾರೋ ಅದನ್ನು ಶಿಷ್ಯರಿಗೆ ಕಲಿಸಿದರು, ಯಾರೋ ಮೊದಲ ಸಲ ಹೂಂ ಎಂದು ಮಂಚದ ಮೇಲೆ ಮಲಗಿದರು. ಅವರ ಹೆಸರು ನನಗೆ ತಿಳಿಯದು. ನನ್ನ ಅಕ್ಕ ಇಂದು ಉಣ್ಣುವ ಅನ್ನದಲ್ಲಿ ಅವರ ಪಾಲೂ ಇದೆ.

ಎರಡನೆಯದು ಒಂದು ಬೇಡಿಕೆ. ಪರೀಕ್ಷೆ ಪೂರ್ತಿಯಾಗಲಿಲ್ಲ ಎಂದು ನಿಮಗೆ ಯಾರಾದರೂ ಹೇಳಿದರೆ ಅದನ್ನು ಮುಗಿದ ವಿಷಯವೆಂದುಕೊಂಡು ಮನೆಗೆ ಹೋಗಬೇಡಿ. ನಿಮ್ಮ ಮೈಯಲ್ಲಿ ತಪ್ಪಿದೆಯೆಂದೂ, ವೈದ್ಯರಲ್ಲಿ ತಪ್ಪಿದೆಯೆಂದೂ ತಿಳಿಯಬೇಡಿ. ಕರುಳು ಎಲ್ಲರದೂ ಒಂದೇ ಥರ ಇರುವುದಿಲ್ಲ. ಕೆಲವರದು ಉದ್ದ, ಕೆಲವರದು ಅಂಟಿಕೊಂಡದ್ದು. ಉಳಿದ ಭಾಗವನ್ನು ಹೇಗೆ ನೋಡುವುದು, ಯಾರು ನೋಡುತ್ತಾರೆ ಎಂದು ಕೇಳಿ. ಬಲೂನಿನದು ಒಂದು ದಾರಿ. ಅದು ಎಲ್ಲರಿಗೂ ಬೇಕಿಲ್ಲ, ಎಲ್ಲ ಊರಿನಲ್ಲೂ ಸಿಗದು. ನಿಮಗೆ ಯಾವುದು ಸರಿ ಎಂದು ನಿಮ್ಮ ವೈದ್ಯರು ಹೇಳಲಿ. ಕೇಳಲಿಕ್ಕೆ ನಾಚಿಕೆ ಪಡಬೇಡಿ. ಅದರಲ್ಲೂ ಹೆಂಗಸರಿಗೆ ಈ ಮಾತು ಹೇಳುತ್ತೇನೆ. ನೀವು ಸೊಂಟದ ಕೆಳಗಿನ ನೋವನ್ನು ಯಾರಿಗೂ ಹೇಳದೆ ನುಂಗಿಕೊಂಡವರೆಂದು ನಮ್ಮ ಮನೆಗಳಲ್ಲಿ ಈಗಲೂ ಮಾತು ಬರುತ್ತದೆ.

ಹಂಪವ್ವ ಆ ಜಾಗವನ್ನು ಎರಡು ಸಲ ತೋರಿಸಿಕೊಂಡು ಬಂದಳು. ಎರಡು ಸಲವೂ ಬಲೂನೇ ದಾರಿ ಮಾಡಿತು, ಏನೂ ಬೆಳೆದಿರಲಿಲ್ಲ. ಅವಳಿಗೆ ಈಗ ಹೊಸದೊಂದು ಕೆಲಸ ಗಂಟುಬಿದ್ದಿದೆ. ತೆವಳಿ ಅರ್ಧಕ್ಕೆ ನಿಂತವರನ್ನು ಅಂಗಡಿಯವರು ಅವಳಲ್ಲಿಗೆ ಕಳಿಸುತ್ತಾರೆ. ಹೆದರಿ ಬಂದವರಿಗೆ ಅವಳು ಮೊದಲು ಊಟ ಹಾಕುತ್ತಾಳೆ, ಆಮೇಲೆ ಹೊಟ್ಟೆಯ ಗಾಯ ತೋರಿಸುತ್ತಾಳೆ, ಆಮೇಲೆ ಹುಬ್ಬಳ್ಳಿಯ ರೈಲಿನಲ್ಲಿ ಅವರ ಪಕ್ಕ ಕೂರುತ್ತಾಳೆ. ಇಂದು ಮುಳಗುಂದದ ಒಬ್ಬ ನೇಕಾರನನ್ನು ಕರೆದುಕೊಂಡು ಹೋಗಿದ್ದಾಳೆ. ಅವನು ದಾರಿಯುದ್ದಕ್ಕೂ ಅಳುತ್ತಾನೇನೋ ಎಂದು ಬುತ್ತಿಗೆ ಎರಡು ರೊಟ್ಟಿ ಹೆಚ್ಚೇ ಕಟ್ಟಿಕೊಂಡಳು. ಈ ಊರಿನಲ್ಲಿ ಯಾರು ಕರೆದರೂ ಅವಳು ಹೋಗುತ್ತಾಳೆ. ನಿಮ್ಮ ಪಕ್ಕಕ್ಕೆ ಬಂದು ಕೂರುವುದು ಅವಳಿಂದಾಗದು. ಅದಕ್ಕೇ ಅವಳ ಬದಲಿಗೆ ಈ ಕಾಗದ ಬರುತ್ತಿದೆ.

ಸುಖವಾಗಿರಿ, ಬಹಳ ಕಾಲ ಇರಿ.

ನಿಮ್ಮ ಮುಂದಿನವಳು,
ಕಸ್ತೂರಿ